ಜ್ವರ ಬಿಟ್ಟಿದೆ, ಮಂಕು ಬಿಟ್ಟಿಲ್ಲ

(ಹೆಸರು, ಗುರುತು ಬದಲಿಸಿದೆ.)

ಮಂಜುಳಾ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಡೆಂಗಿಯಿಂದ ಆಸ್ಪತ್ರೆ ಸೇರಿ ಮನೆಗೆ ಬಂದು ತಿಂಗಳು ದಾಟಿತ್ತು. ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕರೆತಂದದ್ದು ಗಂಡ. "ರಿಪೋರ್ಟ್ ಎಲ್ಲಾ ನಾರ್ಮಲ್ ಮೇಡಂ. ಆದ್ರೂ ಎದ್ದೇಳಲ್ಲ, ಊಟ ಬೇಡ ಅಂತಾಳೆ. ಅಮ್ಮ ಸೋಮಾರಿತನ ಅಂತಾರೆ." ಮಂಜುಳಾ ತಲೆ ತಗ್ಗಿಸಿಯೇ, "ಮಗು ಹತ್ರ ಬಂದ್ರೂ ಬೇಜಾರಾಗತ್ತೆ. ನಾನೇ ಸರಿಯಿಲ್ವೇನೋ" ಎಂದರು.

ಪ್ಲೇಟ್‌ಲೆಟ್ ಲೆಕ್ಕಕ್ಕೆ, ಪಪ್ಪಾಯಿ ಎಲೆ ರಸಕ್ಕೆ ಒದ್ದಾಡುವ ನಾವು ಆಮೇಲಿನ ವಾರಗಳನ್ನು ಗಮನಿಸುವುದೇ ಇಲ್ಲ.

ಗಂಡನದು ಕುಣಿಗಲ್ ಕಡೆ ಹಸು ಕಟ್ಟಿದ ಮನೆ. "ಜ್ವರ ಬಂದ ಹಸು ಮೇವು ಬಿಟ್ಟು ಮಲಗಿದ್ರೆ ಸೋಮಾರಿ ಅಂತೀರಾ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಕಾಯಿಲೆ ಬಿದ್ದ ಪ್ರಾಣಿ ಹಾಗೆ ಮುದುಡಿಕೊಳ್ಳುವುದು ಸೋಂಕಿನ ವಿರುದ್ಧ ಶಕ್ತಿ ಉಳಿಸಲು ಎಂದು ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ವಿಜ್ಞಾನಿ 1988ರಲ್ಲೇ ಬರೆದಿದ್ದಾರೆ. ರೋಗನಿರೋಧಕ ಕೋಶಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ರಕ್ತದಿಂದಲೂ, ಎದೆ-ಹೊಟ್ಟೆಯನ್ನು ಮಿದುಳಿಗೆ ಜೋಡಿಸುವ ವೇಗಸ್ ನರದಿಂದಲೂ ಆ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಹಸಿವು ಇಂಗುತ್ತದೆ, ಜನರೇ ಬೇಡವಾಗುತ್ತಾರೆ. ಹಿಂದೆ ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುವಾಗ ಎಷ್ಟೋ ಮಂದಿಗೆ ಖಿನ್ನತೆಯೇ ಬರುತ್ತಿತ್ತು. ಇಂಟರ್‌ಫೆರಾನ್ ಕೂಡ ಇಂಥದೇ ಒಂದು ಸೈಟೊಕೈನ್. ಅವರಲ್ಲಿ ಯಾರೂ ಮನಸ್ಸು ಗಟ್ಟಿಯಿಲ್ಲದವರಲ್ಲ.

ಹಾಗಂತ ಎಲ್ಲವನ್ನೂ ಡೆಂಗಿ ತಲೆಗೆ ಕಟ್ಟಲಾಗದು. ಸಾಯುವ ಯೋಚನೆ ಬರುತ್ತದೆಯೇ ಎಂದು ಮಂಜುಳಾ ಅವರನ್ನು ನೇರವಾಗಿ ಕೇಳಿದೆ; ಇಲ್ಲವೆಂದರು. ಕೆದಕಿದಾಗ ಸಂಬಳ ಕಟ್ಟಾಗುವ ಭಯ ಹೊರಬಂತು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಪರ್ಸಿನಲ್ಲೇ ಇತ್ತು! ವಂತಿಗೆ ಸರಿಯಾಗಿ ಕಟ್ಟಿದ್ದರೆ, ವೈದ್ಯರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ನನ್ನ ಮಾತಿಗಿಂತ ಆ ವಿಷಯವೇ ಅವರಿಗೆ ಹೆಚ್ಚು ಸಮಾಧಾನ ತಂದಿರಬೇಕು.

ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಲು ವೈದ್ಯರಲ್ಲಿಗೆ ಕಳಿಸಿದೆ. ಬೆಳಗಿನ ಬಿಸಿಲಲ್ಲಿ ಸ್ವಲ್ಪ ನಡೆದು, ಸುಸ್ತಾಗುವ ಮೊದಲೇ ವಾಪಸಾಗಬೇಕು. ಚೆನ್ನಾಗಿದೆ ಅನ್ನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಳ್ಳಬಾರದು. ಮಗುವಿನ ಸ್ನಾನ, ಊಟ ಸದ್ಯಕ್ಕೆ ಗಂಡನ ಪಾಲು. ಮಾತು ತೊದಲಿದರೆ, ಗೊಂದಲ ಹೆಚ್ಚಿದರೆ, ಫಿಟ್ಸ್ ಬಂದರೆ ನನಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕೆ ರೋಗನಿರೋಧಕ ವ್ಯವಸ್ಥೆ ಮಿದುಳಿನ ಮೇಲೆಯೇ ಬೀಳುವುದುಂಟು. ರಾತ್ರಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಲು ಹೇಳಿದೆ.

ಎರಡು ವಾರ ಬಿಟ್ಟು ಅತ್ತೆಯನ್ನೂ ಕರೆತರುತ್ತಾರೆ. ಅಷ್ಟರಲ್ಲಿ ಮಂಕು ಇಳಿಯದಿದ್ದರೆ ಮನೋವೈದ್ಯರಿಗೆ ತೋರಿಸುವುದೆಂದು ಮೂವರೂ ಮಾತಾಡಿಕೊಂಡಿದ್ದೇವೆ.