ಪಂಚೆ ಕಟ್ಟಿಕೊಳ್ಳೋಕೆ ಆಗಬೇಕು, ಅಷ್ಟೇ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಹೆಸರು, ಕೆಲಸ, ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ. ತೊಂದರೆ ಮಾತ್ರ ಇದ್ದದ್ದು ಇದ್ದ ಹಾಗೇ. ಈ ವರ್ಷ ಇದೇ ತೊಂದರೆ ಹೊತ್ತು ಬಂದವರಲ್ಲಿ ಇವರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ.

ಇವರನ್ನು ಸುಮಾ ಎನ್ನೋಣ. ಬ್ಯಾಂಕಿನಲ್ಲಿ ಕೆಲಸ, ಮನೆ ರಾಜಾಜಿನಗರ. ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಐದು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಸೋತಿತ್ತು. ಅವರು ಟೈಲರ್. ಅಮ್ಮ ತೀರಿಕೊಂಡು ವರ್ಷಗಳಾಗಿವೆ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಎರಡು ಬರೆದಿದ್ದರು: ಫಿಸಿಯೋಥೆರಪಿ, ಮತ್ತೆ ದಿನದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿ. ಮೊದಲನೆಯದು ಪಕ್ಕದ ರಸ್ತೆಯಲ್ಲೇ ಸಿಕ್ಕಿತು. ಎರಡನೆಯದನ್ನು ಫೋನಿನಲ್ಲಿ ಹುಡುಕಿದರೆ ಬರೀ ಮಕ್ಕಳ ಸೆಂಟರುಗಳು. ಕೊನೆಗೆ ವೈಟ್‌ಫೀಲ್ಡಿನಲ್ಲಿ ಒಂದು ದೊಡ್ಡ ಸೆಂಟರ್ ಸಿಕ್ಕಿತು. ಹೋಗಿ ಬರಲು ನಾಲ್ಕು ಗಂಟೆ. ಅದಕ್ಕಾಗಿ ಸಂಬಳವಿಲ್ಲದ ರಜೆ ಹಾಕಲೂ ಸುಮಾ ತಯಾರಿದ್ದರು. ಅಣ್ಣ ಮಾತ್ರ, "ಫಿಸಿಯೋ ನಡೀತಿದೆಯಲ್ಲ, ಇನ್ನೇನು ಬೇಕು?" ಅನ್ನುತ್ತಿದ್ದರಂತೆ.

ಮೂರನೇ ಸಲ ಅಪ್ಪನನ್ನೂ ಕರೆದುಕೊಂಡು ಬಂದರು. ನಾನು ಅವರನ್ನು ಕೂರಿಸಿ, ಇಪ್ಪತ್ತು ನಿಮಿಷ ಮಗಳ ಜೊತೆಯೇ ಮಾತಾಡಿದೆ. ಅದು ತಪ್ಪು. ಆಮೇಲೆ ಕೇಳಿದೆ: "ಯಜಮಾನ್ರೇ, ನಿಮಗೆ ಏನು ಮಾಡೋಕೆ ಆಗಬೇಕು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೈ ಎಷ್ಟು ಮೇಲೆ ಹೋಗುತ್ತೆ ಅಂತ ಎಲ್ಲರೂ ನೋಡ್ತಾರೆ ಮೇಡಂ. ನನಗೆ ಪಂಚೆ ಕಟ್ಟಿಕೊಳ್ಳೋಕೆ ಆಗಬೇಕು, ಅಷ್ಟೇ. ಸ್ನಾನ ಆದ ಮೇಲೆ ಮಗಳು ಉಡಿಸ್ತಾಳೆ. ನಾನು ಗೋಡೆ ನೋಡ್ತಾ ನಿಂತಿರ್ತೀನಿ."

ಸುಮಾ ತಲೆ ಎತ್ತಲಿಲ್ಲ. "ನಾನೂ ಗೋಡೆನೇ ನೋಡ್ತೀನಪ್ಪ" ಅಂದರು.

ಐದು ತಿಂಗಳು ಒಂದೇ ಮನೆಯಲ್ಲಿದ್ದು ಇಬ್ಬರೂ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ನಿದ್ದೆ ಹೋದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

ಆಕ್ಯುಪೇಷನಲ್ ಥೆರಪಿ ಅಂದರೆ ಇದೇ. ಹೆಸರು ಕೇಳಿ ಉದ್ಯೋಗ ಕೊಡಿಸುವವರು ಅಂದುಕೊಳ್ಳುತ್ತಾರೆ. ಅಲ್ಲ. ಉಡುವುದು, ಉಣ್ಣುವುದು, ಸ್ನಾನ, ಕಸುಬು, ದಿನದ ಕೆಲಸವನ್ನು ಮತ್ತೆ ಕೈಗೆ ತರುವವರು. ಫಿಸಿಯೋಥೆರಪಿ ಮುಖ್ಯವಾಗಿ ಬಲ ಮತ್ತು ಚಲನೆಯ ಮೇಲೆ ಕೆಲಸ ಮಾಡುತ್ತದೆ. ಎರಡೂ ಬೇಕು. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ನಾನು ಕೊಟ್ಟ ಸಲಹೆ: ವೈಟ್‌ಫೀಲ್ಡ್ ಬಿಡಿ. ಮನೆಗೆ ಬರುವವರನ್ನು ಹುಡುಕಿ. ಮೊದಲು ಲಕ್ವಕ್ಕೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲೇ ವಿಚಾರಿಸಿ. ನಿಮ್ಹಾನ್ಸ್‌ನಲ್ಲೂ ನರರೋಗಿಗಳ ಪುನರ್ವಸತಿಗೆ ಪ್ರತ್ಯೇಕ ವಿಭಾಗವಿದೆ, ಅಲ್ಲೂ ಕೇಳಿ. ಓದಿದ್ದೇನು ಅಂತ ಕೇಳಲು ಸಂಕೋಚ ಬೇಡ. ಬಿಒಟಿ ಅಥವಾ ಎಂಒಟಿ, ಅಂದರೆ ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ, ಆಗಿರಬೇಕು. 1952ರಿಂದ ಇರುವ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘದ ಸದಸ್ಯರೇ ಅಂತಲೂ ಕೇಳಬಹುದು. ಲಕ್ವ ಹೊಡೆದ ದೊಡ್ಡವರ ಜೊತೆ ಕೆಲಸ ಮಾಡಿದ್ದಾರಾ ಅನ್ನುವುದು ಇದೆಲ್ಲಕ್ಕಿಂತ ಮುಖ್ಯ. ಕೊನೆಗೆ, "ಅಪ್ಪನಿಗೆ ಪಂಚೆ ಕಟ್ಟಿಕೊಳ್ಳೋಕೆ ಆಗಬೇಕು, ಎಲ್ಲಿಂದ ಶುರು ಮಾಡ್ತೀರಿ?" ಅಂತ ಕೇಳಿ. ಉತ್ತರ ಕೊಡದೆ ನೇರ ಪ್ಯಾಕೇಜಿನ ಲೆಕ್ಕಕ್ಕೆ ಬಂದರೆ ಬೇರೆಯವರನ್ನು ನೋಡಿ.

ದೊಡ್ಡ ಸೆಂಟರ್ ಬಿಡಿಸಿದ್ದು ಸರಿಯಲ್ಲ, ಅದು ಆಪ್ತಸಲಹೆಗಾರರ ಕೆಲಸವೂ ಅಲ್ಲ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಯೋಚಿಸಿದೆ. ಆದರೂ ಇದೇ ಸಲಹೆ ಕೊಡುತ್ತೇನೆ. ಲಕ್ವದ ನಂತರ ಆಯಾಸ ಜಾಸ್ತಿ. ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಬಂದವರಿಗೆ ಕಲಿಯಲು ಏನು ಉಳಿದಿರುತ್ತದೆ? ಸೋತ ಕೈ ಕಲಿಯುವುದು ಅದೇ ಕೆಲಸವನ್ನು ದಿನವೂ ಮತ್ತೆ ಮತ್ತೆ ಮಾಡಿದಾಗ. ಬಳಸದೆ ಬಿಟ್ಟರೆ ಇರುವ ಶಕ್ತಿಯನ್ನೂ ಅದು ಮರೆಯುತ್ತದೆ. ಆ ಅಭ್ಯಾಸ ಅವರದೇ ಬಚ್ಚಲಲ್ಲಿ, ಅವರದೇ ಪಂಚೆಯ ಜೊತೆ ಆಗಬೇಕಲ್ವಾ?

ಮೂರು ವಾರ ಹುಡುಕಿದ ಮೇಲೆ ಒಬ್ಬರು ಸಿಕ್ಕಿದರು. ವಾರಕ್ಕೆರಡು ಸಲ ಮನೆಗೆ. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು ಅಂತ ತೋರಿಸಿದ್ದು ಮೊದಲ ದಿನವೇ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಸರಿಯುತ್ತದೆ ಅಂತಲೂ ಹೇಳಿದರು. ಐದು ತಿಂಗಳು ಸುಮಾ ಹಾಗೇ ಎಳೆದು ಎಬ್ಬಿಸುತ್ತಿದ್ದರು. ಯಾರೂ ಹೇಳಿರಲಿಲ್ಲ.

ಗಂಟು ಇನ್ನೂ ಬಂದಿಲ್ಲ. ಸದ್ಯಕ್ಕೆ ಪಂಚೆಗೆ ವೆಲ್ಕ್ರೋ ಹಚ್ಚೋಣ ಅಂತ ಥೆರಪಿಸ್ಟ್ ಹೇಳಿದರು. ಅಪ್ಪ ಎಡಗೈಯನ್ನು ಬಟ್ಟೆಯ ಮೇಲೆ ಭಾರಕ್ಕಿಟ್ಟು, ಬಲಗೈಯಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟರು. ಮೆಷಿನ್ ತುಳಿದದ್ದು ಸುಮಾ. ಹೊಲಿಗೆ ಸೊಟ್ಟಗಿದೆ ಅಂತ ಬಿಚ್ಚಿಸಿ ಮತ್ತೆ ಹೊಲಿಸಿದರಂತೆ. ಮಾರನೇ ದಿನ ಬಚ್ಚಲಿನಿಂದ ಪಂಚೆ ಉಟ್ಟುಕೊಂಡೇ ಹೊರಗೆ ಬಂದರು.