ಆ ಎರಡು ವಾರ ಸುಮ್ನೆ ಹೋಗುವುದಿಲ್ಲ

ಬದಿಯಡ್ಕದ ಓದುಗ ಸೋದರಿಗೆ ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಅಪ್ಪನಿಗೆ ಜಠರದ ಕ್ಯಾನ್ಸರ್. ಮೂರು ತಿಂಗಳಲ್ಲಿ ತೂಕ 58 ಕಿಲೋದಿಂದ 51ಕ್ಕೆ ಇಳಿದಿದೆ. ಮಂಗಳೂರಿನ ಡಾಕ್ಟರು, "ಮಾಂಸಖಂಡ ತುಂಬಾ ಕರಗಿದೆ, ಎರಡು ವಾರ ಚೆನ್ನಾಗಿ ಊಟ ಕೊಟ್ಟು ಕರ್ಕೊಂಡು ಬನ್ನಿ, ಆಮೇಲೆ ಆಪರೇಶನ್" ಅಂದರು. ಅಷ್ಟರಲ್ಲಿ ಗಡ್ಡೆ ಬೆಳೆದರೆ ಅಂತ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ನಾನು ಡಾಕ್ಟರಲ್ಲ. ಆದರೂ ಅವರ ಮಾತು ಕೇಳಿ ಅಂತಲೇ ಹೇಳುತ್ತೇನೆ. ಆರು ತಿಂಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ತೂಕ ಇಳಿದವರಿಗೆ ದೊಡ್ಡ ಆಪರೇಶನ್ನಿಗೆ ಮೊದಲು 7ರಿಂದ 14 ದಿನ ಪೋಷಣೆ ಕೊಡಬೇಕು, ಕ್ಯಾನ್ಸರ್ ಆದರೂ ಅಷ್ಟು ತಡ ಮಾಡಬಹುದು ಅಂತ ಯುರೋಪಿನ ಪೋಷಣಾ ತಜ್ಞರ ಸಂಘವೇ ಹೇಳಿದೆ. ನಿಮ್ಮ ಅಪ್ಪನಿಗೆ ಇಳಿದದ್ದು ನೂರಕ್ಕೆ ಹನ್ನೆರಡು.

ಮಾಂಸಖಂಡಕ್ಕೂ ಆಪರೇಶನ್ನಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ನನ್ನ ಮಾವನಿಗೆ ಇದೇ ಆಪರೇಶನ್ ಆಗಿತ್ತು. ಹೊಲಿಗೆ ಚೆನ್ನಾಗಿಯೇ ಇತ್ತು. ಆದರೆ ಕಫ ಕೆಮ್ಮಿ ಹೊರಗೆ ಹಾಕಲು ಅವರಿಗೆ ತ್ರಾಣವಿರಲಿಲ್ಲ. ನಾಲ್ಕನೇ ದಿನಕ್ಕೆ ನ್ಯುಮೋನಿಯಾ. ಉಸಿರೆಳೆಯುವುದು, ಕೆಮ್ಮುವುದು, ಎದ್ದು ನಡೆಯುವುದು, ಎಲ್ಲ ಮಾಂಸಖಂಡದ ಕೆಲಸ ಅಲ್ವಾ? ಗಾಯ ಮಾಯಲು ಬೇಕಾದ ಪ್ರೋಟೀನನ್ನೂ ಮೈ ಅಲ್ಲಿಂದಲೇ ತೆಗೆಯುತ್ತದೆ. ಮಾಂಸಖಂಡ ಕರಗಿದವರಿಗೆ ಆಪರೇಶನ್ ನಂತರ ತೊಂದರೆ ಜಾಸ್ತಿ, ಆಸ್ಪತ್ರೆಯಲ್ಲಿ ಇರಬೇಕಾದ ದಿನವೂ ಜಾಸ್ತಿ. ಮಾಂಸಖಂಡ ಹೀಗೆ ಕರಗುವುದನ್ನು ಡಾಕ್ಟರುಗಳು ಸಾರ್ಕೋಪೀನಿಯಾ ಅನ್ನುತ್ತಾರೆ. ಗಡ್ಡೆ ನೋಡಲು ತೆಗೆದ ಸಿ.ಟಿ. ಸ್ಕ್ಯಾನಿನಲ್ಲೇ, ಸೊಂಟದ ಭಾಗದ ಮೂರನೇ ಬೆನ್ನುಮೂಳೆಯ ಮಟ್ಟದಲ್ಲಿ, ಇದನ್ನು ಅಳೆಯಬಹುದು.

ಅಪ್ಪ ಚಾವಡಿಯ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಾರೆ ಅಂತ ಬರೆದಿದ್ದೀರಿ. ಅದನ್ನು ಡಾಕ್ಟರಿಗೂ ಹೇಳಿ. ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡ್ ಹಿಡಿದರೇ ಬಲ ಕಡಿಮೆ ಅಂತ ಲೆಕ್ಕ.

ಈಗ ಊಟದ ವಿಷಯ. ಕಾಯಿಲೆಯವರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ನಮ್ಮ ಕಡೆಯ ಕ್ರಮ. ಸುಲಭವಾಗಿ ಇಳಿಯುತ್ತದೆ, ನಿಜ. ಆದರೆ ಒಂದು ಬಟ್ಟಲಲ್ಲಿ ಪ್ರೋಟೀನ್ ಮೂರ್ನಾಲ್ಕು ಗ್ರಾಂ ಅಷ್ಟೆ. ಅಪ್ಪನಿಗೆ ದಿನಕ್ಕೆ ಬೇಕಾದ್ದು 60 ಗ್ರಾಮಿಗಿಂತ ಮೇಲೆ. ಗಂಜಿ ಬಿಡಿಸಬೇಡಿ, ಹೆಸರುಬೇಳೆ ಮೆತ್ತಗೆ ಬೇಯಿಸಿ ಅದಕ್ಕೇ ಸೇರಿಸಿ. ತಿನ್ನುವವರಾದರೆ ಮೊಟ್ಟೆ, ಮೀನು. ಇಲ್ಲವಾದರೆ ಹಾಲು, ಗಟ್ಟಿ ಮೊಸರು. ಒಟ್ಟಿಗೆ ಬಡಿಸದೆ ದಿನಕ್ಕೆ ಆರೇಳು ಸಲ, ಸ್ವಲ್ಪ ಸ್ವಲ್ಪ. ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದರೆ ಮೊದಲು ಕೇಳಿಕೊಳ್ಳಿ. ಬೆಳಿಗ್ಗೆ, ಸಂಜೆ ಅಂಗಳದಲ್ಲಿ ಕೈಹಿಡಿದು ನಡೆಸಿ.

ತಿಂದದ್ದು ನಿಲ್ಲದೆ ವಾಂತಿ ಶುರುವಾದರೆ ಮಾತ್ರ ಎರಡು ವಾರ ಮುಗಿಯಲಿ ಅಂತ ಕಾಯಬೇಡಿ. ಅವತ್ತೇ ಫೋನ್ ಮಾಡಿ. ಮೂಗಿನಿಂದ ಸಣ್ಣ ನಳಿಗೆ ಇಳಿಸಿಯೋ ರಕ್ತನಾಳದ ಮೂಲಕವೋ ಆಹಾರ ಕೊಡುವ ದಾರಿ ಅವರಲ್ಲಿ ಇದೆ.