ಮನೆಯಲ್ಲೇ ಮಾಡಿದ ಗೋ-ಕಾರ್ಟ್‌ನಲ್ಲಿ ಏರ್-ಕೂಲ್ಡ್ ಇಂಜಿನ್ ಜಾಸ್ತಿ ಬಿಸಿಯಾಗದಂತೆ ಏನು ಮಾಡಬೇಕು?

ಮೊದಲು ನೋಡಬೇಕಾದ್ದು ಗಾಳಿ. ಬೈಕ್‌ನಲ್ಲಿ ಓಡಿದಷ್ಟೂ ಗಾಳಿ ಫಿನ್‌ಗಳ (ಇಂಜಿನ್ ಸುತ್ತ ಇರುವ ತೆಳು ಲೋಹದ ಪಟ್ಟಿಗಳ) ನಡುವೆ ನುಗ್ಗುತ್ತದೆ. ಅದೇ ಇಂಜಿನ್ ಸೀಟಿನ ಹಿಂದೆ ಕೂತರೆ ನಿಮ್ಮ ಬೆನ್ನೇ ಅಡ್ಡ, ಅಲ್ವಾ? ಹಾಗಾಗಿ ಇಂಜಿನ್ನನ್ನು ಪಕ್ಕಕ್ಕೆ ಸರಿಸಿ, ಆಗದಿದ್ದರೆ ಸೀಟಿನ ಪಕ್ಕದಿಂದ ತಗಡಿನ ಡಕ್ಟ್ ಎಳೆದು ಗಾಳಿ ನೇರವಾಗಿ ಸಿಲಿಂಡರ್ ಹೆಡ್ ಮೇಲೆ ಬೀಳುವಂತೆ ಮಾಡಿ. ಡಕ್ಟ್‌ಗೂ ಫಿನ್‌ಗೂ ನಡುವೆ ಸಂದು ಬಿಡಬೇಡಿ, ಗಾಳಿ ಸುಲಭದ ದಾರಿ ಹಿಡಿದು ಆಚೆ ಹೋಗಿಬಿಡುತ್ತದೆ.

ಸ್ಕೂಟರ್ ಇಂಜಿನ್ ಆದರೆ ಸಾಮಾನ್ಯವಾಗಿ ಫ್ಲೈವೀಲ್‌ನಲ್ಲೇ (ಇಂಜಿನ್ ಜೊತೆ ತಿರುಗುವ ಚಕ್ರದಲ್ಲೇ) ಫ್ಯಾನ್ ಇರುತ್ತದೆ. ನೋಡೋಕೆ ಚೆನ್ನಾಗಿಲ್ಲ ಅಂತ ಸುಮ್ನೆ ಅದರ ಕವರ್ ಬಿಚ್ಚಬೇಡಿ, ಆಮೇಲೆ ಫ್ಯಾನ್ ತಿರುಗಿದರೂ ಫಿನ್‌ಗೆ ಸರಿಯಾಗಿ ಗಾಳಿ ತಲುಪುವುದಿಲ್ಲ.

ಇಷ್ಟಾದರೂ ಇಂಜಿನ್ ಜಾಸ್ತಿ ಬಿಸಿಯಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿಯ ಪಿಂಗಾಣಿ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಬಹುಶಃ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಹೋಗುತ್ತಿದೆ. ಇನ್‌ಟೇಕ್ (ಗಾಳಿ-ಪೆಟ್ರೋಲ್ ಇಂಜಿನ್ ಒಳಗೆ ಹೋಗುವ ದಾರಿ) ಹತ್ತಿರ ಲೀಕ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ಸೈಜ್ ದೊಡ್ಡ ಮೇನ್ ಜೆಟ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಹಾಕಿ. ತಿಳಿ ಕಂದು ಬಣ್ಣಕ್ಕೆ ತಿರುಗಿದರೆ ಸರಿ.

ಗೇರಿಂಗ್ ಕೂಡ ನೋಡಿ, ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ತೀರಾ ಚಿಕ್ಕದಿದ್ದರೆ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ತಿಣುಕುತ್ತಾ ಎಳೆದು ಬಿಸಿಯಾಗುತ್ತದೆ. ಕಾದ ಇಂಜಿನ್ ಮೇಲೆ ನೀರು ಮಾತ್ರ ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು.